ಬೆಳೆದದ್ದನ್ನ ಮಾರೋಕೆ ನಿಮ್ಮದೇ ವೆಬ್‌ಸೈಟ್: ಎರಡು ಸಲ ಕಟ್ಟಿ ನಾನು ಕಲಿತದ್ದು

ಈ ವಾರ ಬೀಜ, ಗೊಬ್ಬರ, ಔಷಧಿ ಯಾವುದರ ಮಾತೂ ಇಲ್ಲ. ನಮ್ಮ ಆಲೆಮನೆ ಬೆಲ್ಲ ಮಾರೋಕೆ ಅಂತ ದುಡ್ಡು ಕೊಟ್ಟು ಮಾಡಿಸಿದ ಒಂದು ವೆಬ್‌ಸೈಟು ಹೇಗೆ ಮಕಾಡೆ ಮಲಗಿತು, ಆಮೇಲೆ ನಾನೂ ನನ್ನ ತಂಗಿಯೂ ಕೂತು ಕಟ್ಟಿದ ಇನ್ನೊಂದು ಹೇಗೆ ನಡೀತಿದೆ ಅನ್ನೋದನ್ನ ಹೇಳ್ತೀನಿ. ಜೇನು, ಕಾಳುಮೆಣಸು, ಕಾಫಿಪುಡಿ, ಗಾಣದ ಎಣ್ಣೆ, ಸಿರಿಧಾನ್ಯ, ಉಪ್ಪಿನಕಾಯಿ, ಹೀಗೆ ಕೆಡದೆ ಕೊರಿಯರ್‌ನಲ್ಲಿ ಹೋಗುವ ಯಾವುದೇ ಪದಾರ್ಥ ನಿಮ್ಮ ಹತ್ರ ಇದ್ದರೆ ಇದು ನಿಮಗೂ ಉಪಯೋಗಕ್ಕೆ ಬರುತ್ತೆ.

ನಮ್ಮದು ಮಂಡ್ಯ ಕಡೆ. ಮೂರೂವರೆ ಎಕರೆ ಕಬ್ಬು, ಒಂದು ಸಣ್ಣ ಆಲೆಮನೆ. ಒಂದು ಟನ್ ಕಬ್ಬು ಅರೆದರೆ ಹೆಚ್ಚೂ ಕಡಿಮೆ 100 ಕೆ.ಜಿ. ಬೆಲ್ಲ ಸಿಗುತ್ತೆ. ಅದನ್ನ ಮಂಡಿಗೆ ಹೊತ್ತು ಹಾಕಿದರೆ ರೇಟು ಹೇಳೋರು ಅವರು, ತಲೆ ಆಡಿಸೋರು ನಾವು. ಮೂರು ವರ್ಷದ ಹಿಂದೆ ಹೈಡ್ರೋಸ್ ಹಾಕೋದನ್ನ ಬಿಟ್ಟು, ಬೆಂಡೆಗಿಡದ ಲೋಳೆಯಲ್ಲೇ ರಸ ತಿಳಿ ಮಾಡೋಕೆ ಶುರು ಮಾಡಿದೆವು. ಬೆಲ್ಲದ ಬಣ್ಣ ಕಂದಾಯಿತು. ಮಂಡಿಯಲ್ಲಿ ಅದಕ್ಕೆ ರೇಟು ಇನ್ನೂ ಕಮ್ಮಿ ಆಯ್ತು! ಹಂಗಾಗಿ ತಿನ್ನೋರ ಮನೆಗೇ ನೇರ ಮಾರಬೇಕು, ಇಲ್ಲಾಂದ್ರೆ ಮತ್ತೆ ಹೈಡ್ರೋಸ್ ಡಬ್ಬಿ ತರಬೇಕು ಅನ್ನೋ ಸ್ಥಿತಿ ಬಂತು. ವೆಬ್‌ಸೈಟಿನ ಯೋಚನೆ ಹುಟ್ಟಿದ್ದು ಹೀಗೆ.

ಮೊದಲನೇ ಸೈಟು ಯಾಕೆ ಬಿತ್ತು

ಸಿಟಿಯಲ್ಲಿ ಒಬ್ಬರಿಗೆ 28,000 ರೂಪಾಯಿ ಕೊಟ್ಟು ಮಾಡಿಸಿದೆ. ನೋಡೋಕೆ ಭರ್ಜರಿಯಾಗಿತ್ತು. ತೆರೆದ ತಕ್ಷಣ ಐದು ದೊಡ್ಡ ಫೋಟೋ ಒಂದರ ಹಿಂದೆ ಒಂದು ಜಾರ್ತಾ ಬರೋವು, ಅಕ್ಷರಗಳು ಹಾರ್ಕೊಂಡು ಬಂದು ಕೂರೋವು. ಅವರ ಆಫೀಸಿನ ಕಂಪ್ಯೂಟರಿನಲ್ಲಿ ನೋಡಿ ಖುಷಿಪಟ್ಟು ಮನೆಗೆ ಬಂದೆ. ಗದ್ದೆ ಬದುವಿನ ಮೇಲೆ ನಿಂತು ನನ್ನ ಮೊಬೈಲಲ್ಲಿ ತೆಗೆದರೆ ಬರೀ ಬಿಳಿ ಪರದೆ. ಹನ್ನೊಂದು ಸೆಕೆಂಡ್ ಆದ ಮೇಲೆ ಒಂದು ಸೂರ್ಯೋದಯದ ಫೋಟೋ ಬಂತು. ಅಪ್ಪ ಇಣುಕಿ ನೋಡಿ, "ಏನ್ಲಾ ಇದು, ಬೆಲ್ಲ ಎಲ್ಲೈತೆ ಇದ್ರಲ್ಲಿ?" ಅಂದ್ರು.

ಏಳು ತಿಂಗಳಲ್ಲಿ ಬಂದದ್ದು ನಾಲ್ಕು ಆರ್ಡರು. ಅದರಲ್ಲಿ ಎರಡು ನನ್ನ ಚಿಕ್ಕಪ್ಪನ ಮಗಂದು. ಸರಿ ಮಾಡಿಕೊಡಿ ಅಂತ ಫೋನ್ ಮಾಡಿದರೆ ಬದಲಾವಣೆಗೆ ಬೇರೆ ಚಾರ್ಜು ಅಂದ್ರು. ನಾನೇ ಮಾಡ್ಕೋತೀನಿ, ಪಾಸ್‌ವರ್ಡ್ ಕೊಡಿ ಅಂದೆ. ಆಗ ಗೊತ್ತಾಯಿತು, ಸೈಟಿನ ಹೆಸರೇ ಅವರ ಹೆಸರಿನಲ್ಲಿ ನೋಂದಣಿ ಆಗಿದೆ! ಪ್ಯಾಕೆಟ್ ಮೇಲೆಲ್ಲಾ ಆ ವಿಳಾಸವನ್ನೇ ಅಚ್ಚು ಹಾಕಿಸಿದ್ದೆ. 2,000 ಲೇಬಲ್ ತಿಪ್ಪೆಗೆ ಹೋಯ್ತು.

ಆಗ ಕಲಿತ ಮೊದಲ ಪಾಠ: ಸೈಟನ್ನ ಯಾರೇ ಕಟ್ಟಿಕೊಡಲಿ, ಹೆಸರು ಮಾತ್ರ ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರಿನಲ್ಲಿ ನೀವೇ ಕೊಳ್ಳಬೇಕು. ಜಮೀನಿನ ಪಹಣಿ ಬೇರೆಯವರ ಹೆಸರಲ್ಲಿಟ್ಟು ಯಾರೂ ಮನೆ ಕಟ್ಟಲ್ಲ.

ನಿಮಗೆ ವೆಬ್‌ಸೈಟ್ ಬೇಕಾ?

ಎಲ್ಲರಿಗೂ ಬೇಡ. ಟೊಮೆಟೊ, ಸೊಪ್ಪು, ಬಾಳೆ ಲೋಡ್‌ಗಟ್ಟಲೆ ಮಾರೋರಿಗೆ ವೆಬ್‌ಸೈಟಿಂದ ಏನೂ ಆಗಲ್ಲ. ಈಗಷ್ಟೇ ಶುರು ಮಾಡ್ತಿರೋರಿಗೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಸಾಕು. ಅದರಲ್ಲೇ ಕ್ಯಾಟಲಾಗ್ ಇದೆ, ಫೋಟೋ ಮತ್ತು ಬೆಲೆ ಹಾಕಬಹುದು, ಖರ್ಚಿಲ್ಲ. ನಾವು ಹಾಗೇ ಬೆಂಗಳೂರು, ಮೈಸೂರಿನ ಸುಮಾರು 60 ಮನೆ ಹಿಡಿದುಕೊಂಡಿದ್ದೆವು.

ತೊಂದರೆ ಶುರುವಾದದ್ದು ಅಲ್ಲಿಂದ ಮುಂದೆ. ಬೆಳಿಗ್ಗೆ ಎದ್ದರೆ "ರೇಟ್ ಎಷ್ಟು?", "ಪುಡಿ ಬೆಲ್ಲ ಇದೆಯಾ?", "ಕೊರಿಯರ್ ಎಷ್ಟಾಗುತ್ತೆ?" ಅಂತ ಒಂದೇ ಪ್ರಶ್ನೆ ಹತ್ತು ಜನರಿಂದ. ಆಲೆ ಓಡ್ತಿರುವಾಗ ಕೊಪ್ಪರಿಗೆ ಬಿಟ್ಟು ಉತ್ತರ ಬರೆಯೋಕಾಗುತ್ತಾ? ಪಾಕ ಕೆಟ್ಟೀತು. ಸಂಜೆ ಉತ್ತರ ಕೊಡೋ ಹೊತ್ತಿಗೆ ಅವರು ಬೇರೆ ಕಡೆ ತಗೊಂಡಿರ್ತಾರೆ. ಇಂಥ ಹಂತಕ್ಕೆ ಬಂದಿದ್ದರೆ ನಿಮಗೆ ವೆಬ್‌ಸೈಟ್ ಬೇಕು ಅಂತ ಲೆಕ್ಕ.

ಹೆಸರು: ಅತ್ತೆಗೆ ಫೋನಲ್ಲಿ ಹೇಳಿ ನೋಡಿ

ನಾವು ಮೊದಲು ಇಟ್ಟುಕೊಂಡದ್ದು ಆಲೆ ಅನ್ನೋ ಪದ ಇರುವ ಹೆಸರು. ಕನ್ನಡದಲ್ಲಿ ಚೆಂದ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದು ಒಂದು ಥರದ ಬಿಯರಿನ ಹೆಸರು! ಇನ್ನು ಬೆಲ್ಲಕ್ಕೆ 'ಎಲ್' ಒಂದಾ ಎರಡಾ ಅಂತ ಪ್ರತಿಯೊಬ್ಬರೂ ಕೇಳೋರು.

ಎರಡನೇ ಸಲ ತಂಗಿ ಒಂದು ಉಪಾಯ ಮಾಡಿದಳು. ಮೂರು ಹೆಸರು ಬರೆದುಕೊಂಡು ಮೈಸೂರಿನ ನಮ್ಮ ಅತ್ತೆಗೆ ಫೋನ್ ಮಾಡಿ, ಒಂದೊಂದನ್ನ ಒಂದೇ ಸಲ ಹೇಳಿ, ಟೈಪ್ ಮಾಡಿ ಕಳಿಸಿ ಅಂದಳು. ಅತ್ತೆ ತಪ್ಪಿಲ್ಲದೆ ಬರೆದ ಹೆಸರನ್ನೇ ಕೊಂಡೆವು. ನೀವೂ ಹೀಗೇ ಮಾಡಿ. ಹೆಸರು ಚಿಕ್ಕದಿರಲಿ. ನಡುವೆ ಅಡ್ಡಗೆರೆ, ಅಂಕಿ ಬೇಡ. ಕೊನೆಗೆ ಡಾಟ್ ಇನ್ ಆದರೂ ಸರಿ, ಡಾಟ್ ಕಾಮ್ ಆದರೂ ಸರಿ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಅಂತಲೂ ಹೆಸರು ಸಿಗುತ್ತೆ, ಆದರೆ ಗಿರಾಕಿ ಅದನ್ನ ಕನ್ನಡದಲ್ಲೇ ಟೈಪ್ ಮಾಡಬೇಕಾಗುತ್ತೆ ಅನ್ನೋದು ನೆನಪಿರಲಿ.

ಇನ್ನೊಂದು ಎಚ್ಚರ. ಮೊದಲ ವರ್ಷಕ್ಕೆ 99 ರೂಪಾಯಿ, 199 ರೂಪಾಯಿ ಅಂತ ಜಾಹೀರಾತು ಇರುತ್ತೆ. ಎರಡನೇ ವರ್ಷದ ನವೀಕರಣ ಎಷ್ಟು ಅಂತ ನೋಡಿಕೊಂಡೇ ಕೊಳ್ಳಿ. ನವೀಕರಣದ ತಾರೀಕನ್ನ ಮೊಬೈಲಲ್ಲಿ ಅಲಾರಂ ಇಡಿ. ಮರೆತರೆ ಆ ಹೆಸರು ಬೇರೆಯವರ ಪಾಲಾಗಬಹುದು.

ಕಟ್ಟೋಕೆ ಮೂರು ದಾರಿ

1. ಒಂದೇ ಪುಟ, ಒಂದು ವಾಟ್ಸಾಪ್ ಬಟನ್. ರಸ್ತೆ ಬದಿ ಟೇಬಲ್ ಹಾಕಿ ಮಾರಿದ ಹಾಗೆ. ಫೋಟೋ, ಬೆಲೆ, ವಿಳಾಸ, ಒತ್ತಿದರೆ ವಾಟ್ಸಾಪ್ ತೆರೆಯುವ ಒಂದು ಬಟನ್. ಒಂದೆರಡು ಪದಾರ್ಥ ಇರೋರಿಗೆ ಇಷ್ಟೇ ಸಾಕು.

2. ತಿಂಗಳ ಬಾಡಿಗೆಯ ರೆಡಿ ಅಂಗಡಿ. ಶಾಪಿಫೈ ಥರದ ಸೇವೆಗಳು. ಬಾಡಿಗೆ ಮಳಿಗೆ ಇದ್ದ ಹಾಗೆ: ಶೆಲ್ಫ್, ಬೀಗ, ಕರೆಂಟು ಎಲ್ಲ ಅವರದೇ, ನೀವು ಸಾಮಾನು ಜೋಡಿಸಿದರೆ ಆಯ್ತು. ತಲೆನೋವು ಕಮ್ಮಿ. ಆದರೆ ವ್ಯಾಪಾರ ಇರಲಿ ಬಿಡಲಿ, ಬಾಡಿಗೆ ತಪ್ಪಲ್ಲ.

3. ವರ್ಡ್‌ಪ್ರೆಸ್ ಜೊತೆ ವೂಕಾಮರ್ಸ್. ಎರಡೂ ಉಚಿತ ತಂತ್ರಾಂಶ. ಇದು ಸ್ವಂತ ಮನೆ. ಜಾಗಕ್ಕೆ, ಅಂದ್ರೆ ಹೋಸ್ಟಿಂಗ್‌ಗೆ, ವರ್ಷಕ್ಕಿಷ್ಟು ಅಂತ ಕಟ್ಟಬೇಕು. ಸೋರಿದರೆ ನೀವೇ ಹೆಂಚು ಸರಿ ಮಾಡ್ಕೋಬೇಕು: ಅಪ್‌ಡೇಟ್ ಹಾಕೋದು, ಬ್ಯಾಕಪ್ ತೆಗೆಯೋದು, ಎಲ್ಲ ನಿಮ್ಮ ಮೇಲೆ.

ನಾವು ಮೊದಲನೇ ದಾರಿಯಲ್ಲಿ ನಾಲ್ಕು ತಿಂಗಳು ನಡೆದು ಆಮೇಲೆ ಮೂರನೆಯದಕ್ಕೆ ಹೋದೆವು. ತಂಗಿ ಬಿ.ಕಾಂ. ಓದಿದವಳು, ಕಂಪ್ಯೂಟರ್ ಕೋರ್ಸ್ ಏನೂ ಮಾಡಿಲ್ಲ. ಯೂಟ್ಯೂಬಲ್ಲಿ ಪಾಠ ನೋಡಿಕೊಂಡೇ ಮೂರು ವಾರದಲ್ಲಿ ಕಟ್ಟಿದಳು. ನೇರ ಮೂರನೆಯದಕ್ಕೇ ಕೈಹಾಕಿ ಸುಸ್ತಾಗೋದಕ್ಕಿಂತ ಒಂದು ಪುಟದಿಂದ ಶುರು ಮಾಡೋದು ಒಳ್ಳೇದು.

ಯಾವ ದಾರಿಯಾದರೂ ವಿಳಾಸದ ಮೊದಲಲ್ಲಿ ಎಚ್‌ಟಿಟಿಪಿಎಸ್ ಅಂತ ಇರಲೇಬೇಕು. ಅದಿಲ್ಲದಿದ್ದರೆ ಬ್ರೌಸರ್ 'ಸುರಕ್ಷಿತವಲ್ಲ' ಅಂತ ತೋರಿಸುತ್ತೆ, ಗಿರಾಕಿ ಅಲ್ಲಿಂದಲೇ ವಾಪಸ್. ಇದಕ್ಕೆ ಬೇಕಾದ ಸರ್ಟಿಫಿಕೇಟನ್ನ 'ಲೆಟ್ಸ್ ಎನ್‌ಕ್ರಿಪ್ಟ್' ಅನ್ನೋ ಸಂಸ್ಥೆ ಉಚಿತವಾಗಿ ಕೊಡುತ್ತೆ. ಬಹಳಷ್ಟು ಹೋಸ್ಟಿಂಗ್ ಕಂಪನಿಗಳಲ್ಲಿ ಒಂದು ಗುಂಡಿ ಒತ್ತಿದರೆ ಹಾಕಿಕೊಡ್ತಾರೆ. ಇದಕ್ಕೆ ಬೇರೆ ದುಡ್ಡು ಕೇಳಿದರೆ ಯಾಕೆ ಅಂತ ಕೇಳಿ.

ಮೊದಲ ಪರದೆಯಲ್ಲಿ ಐದು ವಿಷಯ

ಕಂಪ್ಯೂಟರ್ ಮುಟ್ಟೋಕೆ ಮುಂಚೆ ಒಂದು ಹಾಳೆ ತಗೊಳ್ಳಿ. ಅದರ ಮೇಲೆ ನಿಮ್ಮ ಮೊಬೈಲ್ ಇಟ್ಟು ಸುತ್ತ ಗೆರೆ ಎಳೆಯಿರಿ. ಗಿರಾಕಿ ಬೆರಳಾಡಿಸೋಕೆ ಮೊದಲು ಕಾಣೋದು ಅಷ್ಟೇ ಜಾಗ. ಅದರೊಳಗೆ ಈ ಐದು ಇರಬೇಕು: ಏನು ಮಾರ್ತೀರಿ, ಎಲ್ಲಿಯದು, ಬೇರೆಯವರದ್ದಕ್ಕಿಂತ ಏನು ಬೇರೆ, ಬೆಲೆ ಎಷ್ಟು, ಎಲ್ಲಿ ಒತ್ತಬೇಕು.

ನಮ್ಮ ಸೈಟಿನಲ್ಲಿ ಈಗ ಒಂದು ಬೆಲ್ಲದ ಅಚ್ಚಿನ ಫೋಟೋ, ಅದರ ಕೆಳಗೆ ಹೀಗಿದೆ: "ಮಂಡ್ಯದ ನಮ್ಮದೇ ಆಲೆಮನೆಯ ಬೆಲ್ಲ. ಹೈಡ್ರೋಸ್ ಹಾಕಿಲ್ಲ. 1 ಕೆ.ಜಿ.ಗೆ 120 ರೂ." ಆಮೇಲೆ 'ಆರ್ಡರ್ ಮಾಡಿ' ಅನ್ನೋ ಬಟನ್. ಅಷ್ಟೇ. ನಮ್ಮ ತಾತ ಆಲೆ ಹಾಕಿದ ಕಥೆ, ಕಬ್ಬಿನ ತಳಿ, ಇವೆಲ್ಲ ಕೆಳಗಡೆ. ಓದೋ ಮನಸ್ಸಿರೋರು ಇಳಿದು ಬಂದು ಓದ್ತಾರೆ.

ಬಟನ್ ಬಗ್ಗೆ ಒಂದು ಮಾತು. ಹೊಲದಲ್ಲಿ ಕೆಲಸ ಮಾಡಿದ ಬೆರಳಿಗೆ, ವಯಸ್ಸಾದವರ ಬೆರಳಿಗೆ ಸಣ್ಣ ಬಟನ್ ಸಿಗಲ್ಲ. ಆಂಡ್ರಾಯ್ಡ್ ಆ್ಯಪ್ ಮಾಡೋರಿಗೆ ಗೂಗಲ್ ಹೇಳೋ ಅಳತೆ ಹೆಚ್ಚೂ ಕಡಿಮೆ 9 ಮಿಲಿಮೀಟರ್. ಅದಕ್ಕಿಂತ ಚಿಕ್ಕದು ಮಾಡಬೇಡಿ. ಹಿನ್ನೆಲೆ ಬಣ್ಣಕ್ಕೂ ಬಟನ್ ಬಣ್ಣಕ್ಕೂ ಎದ್ದು ಕಾಣೋ ವ್ಯತ್ಯಾಸ ಇರಲಿ. ನಾವು ಕಬ್ಬಿನ ನೆನಪಿಗೆ ಅಂತ ಹಸಿರು ಪುಟದ ಮೇಲೆ ಹಸಿರು ಬಟನ್ ಇಟ್ಟಿದ್ದೆವು. ಬಿಸಿಲಲ್ಲಿ ಹಿಡಿದರೆ ಬಟನ್ನೇ ಮಾಯ!

ಫೋಟೋ: ನಿಜವಾದ ಬಣ್ಣ, ಕಡಿಮೆ ತೂಕ

ಈಗಿನ ಮೊಬೈಲಲ್ಲಿ ತೆಗೆದ ಒಂದು ಫೋಟೋ 4-5 ಎಂ.ಬಿ. ಇರುತ್ತೆ. ಮೊದಲನೇ ಸೈಟಿನಲ್ಲಿ ಅಂಥ ಐದು ಫೋಟೋ ಹಾಗೇ ಏರಿಸಿದ್ದರು. 20 ಎಂ.ಬಿ.ಗೂ ಮೇಲೆ ಇಳಿಯುವ ತನಕ ಗಿರಾಕಿ ಕಾಯ್ತಾ ಕೂರ್ತಾನಾ? ಗೂಗಲ್‌ನ ಸ್ಕ್ವೂಶ್ ಅನ್ನೋ ಉಚಿತ ಸಾಧನ ಬ್ರೌಸರ್‌ನಲ್ಲೇ ತೆರೆಯುತ್ತೆ. ಅದರಲ್ಲಿ ಅಗಲ 1,000 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ರೂಪದಲ್ಲಿ ಉಳಿಸಿದರೆ ಅದೇ ಫೋಟೋ 100-150 ಕೆ.ಬಿ.ಗೆ ಬರುತ್ತೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ.

ತೆಗೆಯೋದು ಹೇಗೆ? ಬೆಳಿಗ್ಗೆ 8ರಿಂದ 10ರ ಒಳಗೆ, ಜಗಲಿಯ ನೆರಳಲ್ಲಿ, ಫ್ಲ್ಯಾಶ್ ಇಲ್ಲದೆ. ಪ್ರತಿ ಪದಾರ್ಥಕ್ಕೂ ಮೂರು ಫೋಟೋ ಸಾಕು: ಪ್ಯಾಕೆಟ್ಟಿನದು, ಒಳಗಿನ ಪದಾರ್ಥದ್ದು, ಕೈಯಲ್ಲಿ ಹಿಡಿದದ್ದು. ಕೈಯಲ್ಲಿ ಹಿಡಿದ ಫೋಟೋ ನೋಡಿದರೆ ಗಾತ್ರ ಎಷ್ಟು ಅಂತ ಗಿರಾಕಿಗೆ ಗೊತ್ತಾಗುತ್ತೆ.

ಫಿಲ್ಟರ್ ಹಾಕಬೇಡಿ. ನಾನು ಒಂದು ಸಲ ಬೆಲ್ಲ ಸ್ವಲ್ಪ ಹಳದಿ ಕಾಣಲಿ ಅಂತ ಬೆಳಕು ಏರಿಸಿದ್ದೆ. ಪಾರ್ಸೆಲ್ ತಲುಪಿದ ಮೇಲೆ "ಫೋಟೋದಲ್ಲಿ ಬೇರೆ, ಬಂದದ್ದು ಬೇರೆ" ಅಂತ ಫೋನು. ಈಗ ಕಂದು ಬಣ್ಣವನ್ನೇ ತೋರಿಸಿ, ಹೈಡ್ರೋಸ್ ಹಾಕಿದರೆ ಬೆಲ್ಲ ಹಳದಿ ಆಗುತ್ತೆ, ಹಾಕದಿದ್ದರೆ ಈ ಬಣ್ಣ ಅಂತ ಎರಡು ಸಾಲು ಬರೆದಿದ್ದೇವೆ. ಮಂಡಿಯಲ್ಲಿ ರೇಟು ಇಳಿಸಿದ ಬಣ್ಣವೇ ಇಲ್ಲಿ ನಮ್ಮ ಬೆಲ್ಲವನ್ನ ಮಾರ್ತಿದೆ.

ಬರಹ: ಕನ್ನಡ ಹೇಗೆ ಹಾಕೋದು

ಇದು ನಮ್ಮವರಿಗೇ ಇರೋ ತೊಂದರೆ. ಊರಿನ ಡಿ.ಟಿ.ಪಿ. ಅಂಗಡಿಯಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ತಂದು ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತೆ. ವೆಬ್‌ಸೈಟಿಗೆ ಯುನಿಕೋಡ್ ಕನ್ನಡವೇ ಬೇಕು. ಮೊಬೈಲಿನ ಕೀಬೋರ್ಡಲ್ಲಿ ನೀವು ವಾಟ್ಸಾಪಿಗೆ ಟೈಪ್ ಮಾಡೋದು ಯುನಿಕೋಡೇ. ಹಾಗಾಗಿ ಮೊಬೈಲಲ್ಲೇ ಬರೆದುಬಿಡಿ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ, ದಪ್ಪ ತಲೆಬರಹಕ್ಕೆ ಬಲೂ ತಮ್ಮ, ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಅಕ್ಷರದ ಗಾತ್ರ 16 ಪಿಕ್ಸೆಲ್‌ಗೆ ಕಮ್ಮಿ ಬೇಡ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯೋದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಸ್ವಲ್ಪ ಹೆಚ್ಚು ಜಾಗ ಬಿಡಿ.

ಬೆಂಗಳೂರಿನ ಗಿರಾಕಿಗಳಲ್ಲಿ ಕನ್ನಡ ಓದಲು ಬಾರದವರೂ ಇರ್ತಾರೆ. ಹಾಗಾಗಿ ಕನ್ನಡ, ಇಂಗ್ಲಿಷ್ ಎರಡೂ ಇಡಿ. ಯಂತ್ರದ ಅನುವಾದವನ್ನ ನೋಡದೆ ಹಾಕಬೇಡಿ. ನಮ್ಮ 'ಅಚ್ಚು ಬೆಲ್ಲ'ವನ್ನ ಅದು ಪ್ರಿಂಟ್ ಮಾಡಿದ ಬೆಲ್ಲ ಅಂತ ಮಾಡಿತ್ತು!

ಏನು ಬರೆಯೋದು? ಗಿರಾಕಿ ಫೋನಲ್ಲಿ ಕೇಳೋದನ್ನೇ ಬರೆಯಿರಿ. ನಮಗೆ ಅತಿ ಹೆಚ್ಚು ಬಂದ ಪ್ರಶ್ನೆ: "ಬೆಲ್ಲ ಹಾಕಿದರೆ ಹಾಲು ಒಡೆಯುತ್ತಲ್ಲ, ನಿಮ್ಮ ಬೆಲ್ಲ ಕೆಟ್ಟಿದೆಯಾ?" ಕೆಟ್ಟಿಲ್ಲ. ಕುದಿಯೋ ಹಾಲಿಗೆ ಬೆಲ್ಲ ಹಾಕಿದರೆ ಒಡೆಯೋದು ಸಾಮಾನ್ಯ. ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಹಾಕಬೇಕು. ಇದನ್ನ ಒಂದು ಪುಟ ಮಾಡಿ ಹಾಕಿದೆವು. ಗೂಗಲ್‌ನಲ್ಲಿ ಇದೇ ಪ್ರಶ್ನೆ ಹುಡುಕಿಕೊಂಡು ಬಂದವರು ಬೆಲ್ಲವನ್ನೂ ನೋಡಿ ಹೋಗ್ತಾರೆ.

ಒಂದನ್ನ ಮಾತ್ರ ಬರೆಯಬೇಡಿ: ಶುಗರ್ ವಾಸಿಯಾಗುತ್ತೆ, ಆ ರೋಗ ಹೋಗುತ್ತೆ ಅಂತ. ಬೆಲ್ಲವೂ ಸಕ್ಕರೆಯೇ, ಅದನ್ನ ತಿಂದು ಸಕ್ಕರೆ ಕಾಯಿಲೆಯವರಿಗೆ ಹೆಚ್ಚುಕಮ್ಮಿ ಆದರೆ ಪಾಪ ನಿಮ್ಮದು. ಆಹಾರದ ಜಾಹೀರಾತಿಗೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಾವಳಿಯೇ ಇದೆ, ರೋಗ ವಾಸಿ ಮಾಡುತ್ತೆ ಅನ್ನೋದಕ್ಕೆ ಅದರಲ್ಲಿ ಅವಕಾಶ ಇಲ್ಲ.

ಸಾಗಣೆ ಖರ್ಚು: ದುಡ್ಡು ಸೋರೋದು ಇಲ್ಲೇ

ಗಿರಾಕಿ 120 ರೂಪಾಯಿ ಅಂತ ನೋಡಿ ಆರ್ಡರ್ ಒತ್ತಿ, ವಿಳಾಸ ಎಲ್ಲ ತುಂಬಿ, ಕೊನೆಗೆ 190 ರೂಪಾಯಿ ಅಂತ ಕಂಡರೆ ಏನು ಮಾಡ್ತಾರೆ? ಮುಚ್ಚಿ ಹೋಗ್ತಾರೆ. ಬೆಲೆಯ ಪಕ್ಕದಲ್ಲೇ ಸಾಗಣೆ ಎಷ್ಟು ಅಂತ ಹೇಳಿಬಿಡಿ. ಪಿನ್‌ಕೋಡ್ ಹಾಕಿದರೆ ಒಟ್ಟು ಬೆಲೆ ಕಾಣೋ ಹಾಗೆ ಮಾಡಬಹುದು. ಕರ್ನಾಟಕದ ಪಿನ್‌ಕೋಡುಗಳು 56ರಿಂದ 59ರವರೆಗಿನ ಅಂಕಿಯಲ್ಲಿ ಶುರುವಾಗುತ್ತವೆ. ತಮಿಳುನಾಡು 60ರಿಂದ 64. ಹೀಗೆ ಮೊದಲ ಎರಡು ಅಂಕಿ ನೋಡಿ ರಾಜ್ಯದೊಳಗೆ ಒಂದು ದರ, ಹೊರಗೆ ಒಂದು ದರ ಅಂತ ವೂಕಾಮರ್ಸ್‌ನಲ್ಲೇ ಹೊಂದಿಸಬಹುದು.

ಇನ್ನೊಂದು ಸೂಕ್ಷ್ಮ. ಖಾಸಗಿ ಕೊರಿಯರ್‌ನವರು ಬರೀ ತೂಕ ನೋಡಲ್ಲ, ಡಬ್ಬದ ಗಾತ್ರವನ್ನೂ ನೋಡ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸ್ತಾರೆ. ನಾವು ಮೊದಲು ಬಳಸಿದ ಡಬ್ಬ 30, 20, 15 ಸೆಂ.ಮೀ. ಗುಣಿಸಿದರೆ 9,000, ಭಾಗಿಸಿದರೆ 1.8 ಕೆ.ಜಿ. ಒಳಗಿರೋದು 1 ಕೆ.ಜಿ. ಬೆಲ್ಲ, ಕಟ್ಟೋದು 1.8 ಕೆ.ಜಿ.ಯ ಚಾರ್ಜು. ಒಂದು ಹಂಗಾಮು ಪೂರ್ತಿ ಗಾಳಿಗೆ ದುಡ್ಡು ಕಟ್ಟಿದ್ದೇವೆ. ಈಗ 20, 15, 10 ಸೆಂ.ಮೀ. ಡಬ್ಬ. ಲೆಕ್ಕ 0.6 ಕೆ.ಜಿ. ಬರುತ್ತೆ, ಹಾಗಾಗಿ ನಿಜವಾದ ತೂಕಕ್ಕಷ್ಟೇ ಚಾರ್ಜು.

ಒಂದು ಕೆ.ಜಿ. ಕಳಿಸೋದು ಗಿರಾಕಿಗೂ ದುಬಾರಿ. ನಮ್ಮಲ್ಲಿ 1 ಕೆ.ಜಿ.ಗೆ ಸಾಗಣೆ 70 ರೂಪಾಯಿ ಆದರೆ 3 ಕೆ.ಜಿ.ಗೆ 110. ಒಂದು ತಗೊಂಡರೆ ಕೆ.ಜಿ.ಗೆ 190 ಬೀಳುತ್ತೆ, ಮೂರು ತಗೊಂಡರೆ 470, ಅಂದ್ರೆ ಕೆ.ಜಿ.ಗೆ 157. ಈ ಲೆಕ್ಕವನ್ನ ಸೈಟಿನಲ್ಲೇ ತೋರಿಸಿದ ಮೇಲೆ ಬಹುತೇಕರು ಮೂರು ಕೆ.ಜಿ. ಪ್ಯಾಕನ್ನೇ ಆರಿಸ್ತಾರೆ.

ದುಡ್ಡು ಪಡೆಯೋದು

ಹೆಸರು, ಮೊಬೈಲ್, ವಿಳಾಸ, ಪಿನ್‌ಕೋಡ್. ಇದಕ್ಕಿಂತ ಹೆಚ್ಚು ಕೇಳಬೇಡಿ. ಅಕೌಂಟ್ ತೆರೆಯಿರಿ, ಪಾಸ್‌ವರ್ಡ್ ಇಡಿ ಅಂತ ಒತ್ತಾಯ ಮಾಡಿದರೆ ಬೆಲ್ಲ ಕೊಳ್ಳೋಕೆ ಬಂದವರು ಯಾಕೆ ನಿಲ್ತಾರೆ?

ಪೇಮೆಂಟ್ ಗೇಟ್‌ವೇ ಹಾಕಿಸಿದರೆ ಯುಪಿಐ, ಕಾರ್ಡ್ ಎಲ್ಲ ನಡೆಯುತ್ತೆ. ಕಾರ್ಡಿಗೆ ಸಾಮಾನ್ಯವಾಗಿ 2 ಪರ್ಸೆಂಟ್ ಆಸುಪಾಸು ಶುಲ್ಕ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 470 ರೂಪಾಯಿ ಆರ್ಡರಿಗೆ ಸುಮಾರು 11 ರೂಪಾಯಿ ಹೋಗುತ್ತೆ. ಬೆಲೆ ಇಡುವಾಗಲೇ ಇದನ್ನ ಸೇರಿಸ್ಕೊಳ್ಳಿ. ಗೇಟ್‌ವೇ ಕಂಪನಿಗಳು ಸೈಟಿನಲ್ಲಿ ಸಂಪರ್ಕ, ನಿಯಮಗಳು, ಖಾಸಗಿತನ, ಸಾಗಣೆ, ಹಣ ವಾಪಸ್, ಈ ಪುಟಗಳು ಇವೆಯಾ ಅಂತ ನೋಡಿಯೇ ಒಪ್ಪಿಗೆ ಕೊಡೋದು.

ಗೇಟ್‌ವೇ ಇಲ್ಲದೆ ಬರೀ ಕ್ಯೂಆರ್ ಇಟ್ಟಿದ್ದರೆ, ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಮಾಲು ಕಳಿಸಬೇಡಿ. ನಕಲಿ ಸ್ಕ್ರೀನ್‌ಶಾಟ್ ಮಾಡೋರಿದ್ದಾರೆ. ನಿಮ್ಮ ಖಾತೆಗೆ ಹಣ ಬಂತಾ ಅಂತ ನೋಡಿದ ಮೇಲೇ ಪ್ಯಾಕ್ ಮಾಡಿ. ಹಣ ಪಡೆಯೋಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಯಾರಾದರೂ ಒತ್ತಿ ಅಂದರೆ ಅದು ಮೋಸ, ಫೋನ್ ಇಟ್ಟುಬಿಡಿ.

ಹುಬ್ಬಳ್ಳಿಯಿಂದ ಬಂದ ಫೋನು

ಎರಡನೇ ಸೈಟು ಶುರುವಾದ ವರ್ಷ, ಆಷಾಢದ ಮಳೆ. ಹುಬ್ಬಳ್ಳಿಯ ಒಬ್ಬರು ಅಮ್ಮ ಮೊಮ್ಮಗಳ ನಾಮಕರಣಕ್ಕೆ ಅಂತ 6 ಕೆ.ಜಿ. ತರಿಸಿದ್ದರು. ಬೆಲ್ಲ ದಾರಿಯಲ್ಲಿ ನೀರೊಡೆದು, ಡಬ್ಬ ಪೂರ್ತಿ ಅಂಟಂಟು. ಹಣ ವಾಪಸ್ ಹೇಗೆ ಅಂತ ಅವರು ನಮ್ಮ ಸೈಟಲ್ಲಿ ನೋಡಿದ್ದಾರೆ. ಆ ಪುಟವನ್ನ ನಾನು ಇಂಗ್ಲಿಷಿನ ಯಾವುದೋ ಬಟ್ಟೆ ಅಂಗಡಿ ಸೈಟಿಂದ ನಕಲು ಹೊಡೆದು ಹಾಕಿದ್ದೆ. ಅದರಲ್ಲಿ ಆ ಅಂಗಡಿಯ ಹೆಸರು ಒಂದು ಕಡೆ ಹಾಗೇ ಉಳಿದಿತ್ತು! ಅವರು ಫೋನ್ ಮಾಡಿ, "ಏನ್ರೀ, ಇದು ನಿಮ್ಮ ಅಂಗಡೀನೋ, ಬ್ಯಾರೆಯವರದೋ? ನಾ ಯಾರನ್ನ ಕೇಳ್ಬೇಕ್ರೀ?" ಅಂದ್ರು. ನನಗೆ ಮಾತೇ ಹೊರಡಲಿಲ್ಲ.

ಅವತ್ತೇ ಹಣ ವಾಪಸ್ ಹಾಕಿ, ಡಬಲ್ ಕವರಿನಲ್ಲಿ ಬೇರೆ ಬೆಲ್ಲ ಕಳಿಸಿದೆ. ನಾಮಕರಣಕ್ಕೆ ಒಂದು ದಿನ ಮುಂಚೆ ಮುಟ್ಟಿತು. ಆ ರಾತ್ರಿ ಕೂತು ಆ ಪುಟವನ್ನ ನಮ್ಮ ಮಾತಲ್ಲೇ ಬರೆದೆವು: "ಬೆಲ್ಲ ಒದ್ದೆಯಾಗಿ ಬಂದರೆ ಎರಡು ದಿನದೊಳಗೆ ಫೋಟೋ ಕಳಿಸಿ. ವಾಪಸ್ ಕಳಿಸೋದು ಬೇಡ. ಬೇರೆ ಬೆಲ್ಲ ಅಥವಾ ಹಣ, ಯಾವುದು ಬೇಕೋ ಹೇಳಿ." ಆ ಅಮ್ಮ ಈಗಲೂ ಪ್ರತಿ ಸಂಕ್ರಾಂತಿಗೆ ತರಿಸ್ತಾರೆ.

ಕಾನೂನಿನ ಪ್ರಕಾರವೂ ಕೆಲವು ವಿಷಯ ಸೈಟಿನಲ್ಲಿ ಇರಬೇಕು. ಇವನ್ನ ಇಂದೇ ನೋಡಿಕೊಳ್ಳಿ:

- ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ಸಂಖ್ಯೆ. ಆಹಾರ ಪದಾರ್ಥ ಮಾರೋರಿಗೆ ಇದು ಕಡ್ಡಾಯ. ಸಣ್ಣ ತಯಾರಕರಿಗೆ ಬರೀ ನೋಂದಣಿ ಸಾಕಾಗುತ್ತೆ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು.
- ತಯಾರಕರ ಹೆಸರು, ಪೂರ್ತಿ ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ಗ್ರಾಹಕರು ಸಂಪರ್ಕಿಸಬೇಕಾದ ನಂಬರ್. ಪ್ಯಾಕೆಟ್ ಮೇಲಷ್ಟೇ ಅಲ್ಲ, ಆನ್‌ಲೈನ್ ಮಾರಾಟದಲ್ಲಿ ಸೈಟಿನಲ್ಲೂ ಕಾಣಬೇಕು.
- ದೂರು ಕೇಳೋರು ಯಾರು ಅನ್ನೋದು. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳಲ್ಲಿ ದೂರು ಬಂದದ್ದನ್ನ 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತಿದೆ.
- ಜಿಎಸ್‌ಟಿ. ಪ್ಯಾಕ್ ಮಾಡಿ ಲೇಬಲ್ ಹಾಕಿದ ಬೆಲ್ಲಕ್ಕೆ 2022ರ ಜುಲೈಯಿಂದ ತೆರಿಗೆ ಇದೆ. ತೆರಿಗೆ ಇರೋ ಮಾಲನ್ನ ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಚಿಕ್ಕದಿದ್ದರೂ ನೋಂದಣಿ ಬೇಕಾಗುತ್ತೆ. ಹೊಸೂರಿಗೆ ಮೊದಲ ಪಾರ್ಸೆಲ್ ಕಳಿಸೋಕೆ ಮುಂಚೆ ಒಬ್ಬ ಆಡಿಟರನ್ನ ಕಾಣಿ.

ಮೂರು ಜನಕ್ಕೆ ಕೊಟ್ಟು ಬಾಯಿ ಮುಚ್ಚಿಕೊಳ್ಳಿ

ಸೈಟು ಆಯ್ತು ಅಂದಮೇಲೆ ಮೂರು ಜನಕ್ಕೆ ಮೊಬೈಲ್ ಕೊಟ್ಟು, "ಎರಡು ಕೆ.ಜಿ. ಬೆಲ್ಲ ಆರ್ಡರ್ ಮಾಡಿ" ಅಂತಷ್ಟೇ ಹೇಳಿ. ಒಬ್ಬರು ವಯಸ್ಸಾದವರು, ಒಬ್ಬರು ಪರಿಚಯ ಕಮ್ಮಿ ಇರೋರು, ಒಬ್ಬರು ಕಾಲೇಜು ಓದೋ ಹುಡುಗರು ಇರಲಿ. ನೀವು ಏನೂ ಹೇಳಿಕೊಡಬೇಡಿ. ಎಲ್ಲಿ ತಡವರಿಸ್ತಾರೆ ಅಂತ ಬರೆದುಕೊಳ್ಳಿ. ಹಸಿರು ಬಟನ್ ಕಾಣಲ್ಲ ಅನ್ನೋದು ನಮಗೆ ಗೊತ್ತಾದದ್ದು ಹೀಗೆ. ಅತ್ತೆ ಐದು ನಿಮಿಷ ಹುಡುಕಿ, "ಬೆಲ್ಲ ಚೆನ್ನಾಗೈತೆ, ಕೊಳ್ಳೋದೆಲ್ಲಿ ಮಗ?" ಅಂದ್ರು.

ವೇಗ ನೋಡೋಕೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ಸೈಟಿನ ವಿಳಾಸ ಹಾಕಿ, 'ಮೊಬೈಲ್' ಅಂತಿರೋ ಕಡೆ ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಂಡರೆ ಚೆನ್ನಾಗಿದೆ ಅಂತ ಅದರ ಲೆಕ್ಕ. ನೆಟ್‌ವರ್ಕ್ ಕಮ್ಮಿ ಇರೋ ಹೊಲಕ್ಕೆ ಹೋಗಿಯೂ ಒಂದು ಸಲ ತೆರೆದು ನೋಡಿ.

ಕಟ್ಟಿದ ಮೇಲೆ

ಸೋಮವಾರಕ್ಕೊಮ್ಮೆ ಅರ್ಧ ಗಂಟೆ ಸಾಕು. ಮಾಲು ಇದೆಯಾ ನೋಡಿ, ಇಲ್ಲದಿದ್ದರೆ "ಮುಂದಿನ ಆಲೆ ಇಂಥ ತಾರೀಕಿಗೆ" ಅಂತ ಬರೆಯಿರಿ. ಇಲ್ಲದ ಮಾಲಿಗೆ ದುಡ್ಡು ತಗೊಂಡರೆ ಹೆಸರು ಕೆಡುತ್ತೆ. ಬ್ಯಾಕಪ್ ತೆಗೆಯಿರಿ, ಅಪ್‌ಡೇಟ್ ಹಾಕಿ. ಇಮೇಲ್, ಸೈಟು ಎರಡಕ್ಕೂ ಪಾಸ್‌ವರ್ಡ್ ಜೊತೆ ಒಟಿಪಿ ಕೇಳೋ ವ್ಯವಸ್ಥೆ ಇಡಿ. ಗೂಗಲ್ ಮ್ಯಾಪಲ್ಲಿ ನಿಮ್ಮ ಆಲೆಮನೆಯನ್ನೋ ಗಾಣವನ್ನೋ ಗುರುತಿಸಿ, ಸೈಟಿನ ವಿಳಾಸ ಸೇರಿಸಿ. ಇದು ಉಚಿತ.

ಎರಡನೇ ಸೈಟಿಗೆ ಮೊದಲ ವರ್ಷ ನಮಗೆ ಬಿದ್ದ ಖರ್ಚು, ಹೆಸರು ಮತ್ತು ಹೋಸ್ಟಿಂಗ್ ಸೇರಿ, 4,300 ರೂಪಾಯಿ. ಮಿಕ್ಕಿದ್ದು ತಂಗಿಯ ಮತ್ತು ನನ್ನ ರಾತ್ರಿಗಳು. ಈಗ ನಮ್ಮ ಬೆಲ್ಲದ ಕಾಲು ಭಾಗ ಸೈಟಿಂದ ಹೋಗುತ್ತೆ, ಇನ್ನೊಂದು ಕಾಲು ಭಾಗ ವಾಟ್ಸಾಪಿನ ಹಳೇ ಮನೆಗಳಿಗೆ. ಉಳಿದ ಅರ್ಧ ಇವತ್ತಿಗೂ ಮಂಡಿಗೇ ಹೋಗೋದು, ಅದನ್ನ ಮುಚ್ಚಿಡಲ್ಲ. ಆದರೆ ಹೈಡ್ರೋಸ್ ಡಬ್ಬಿ ಮಾತ್ರ ಮತ್ತೆ ತಂದಿಲ್ಲ. ಅಪ್ಪನೂ ಈಗ ಬೆಳಿಗ್ಗೆ ಕಾಫಿ ಕುಡೀತಾ, "ರಾತ್ರಿ ಎಷ್ಟು ಬಂದವ್ಲಾ?" ಅಂತ ಕೇಳ್ತಾರೆ.

ಈ ವಾರ ನೀವು ಮಾಡಬೇಕಾದ್ದು ಒಂದೇ. ಹಾಳೆಯ ಮೇಲೆ ಮೊಬೈಲ್ ಇಟ್ಟು ಗೆರೆ ಎಳೆದು, ಆ ಐದು ವಿಷಯ ಬರೆಯಿರಿ. ಮನೆಯಲ್ಲಿ ಯಾರಿಗಾದರೂ ಐದು ಸೆಕೆಂಡ್ ತೋರಿಸಿ, ಮಡಚಿಟ್ಟು, ಏನು ಮಾರ್ತಾ ಇದ್ದೀವಿ, ಎಷ್ಟಕ್ಕೆ ಅಂತ ಕೇಳಿ. ಸರಿ ಉತ್ತರ ಬಂದರೆ ಹೆಸರು ಕೊಳ್ಳೋಕೆ ಹೊರಡಿ. ಬರಲಿಲ್ಲ ಅಂದ್ರೆ ಇನ್ನೊಂದು ಹಾಳೆ ತಗೊಳ್ಳಿ, ಹಾಳೆಗೆ ಹೆಚ್ಚು ಖರ್ಚಾಗಲ್ಲ.